ನೂಲು ಯಾರದು, ನೇಯ್ಗೆ ಯಾರದು?

ಮುರ್ಡೇಶ್ವರದ ಸ್ಥಳಪುರಾಣದಲ್ಲಿ ಒಂದು ತುಂಡು ಬಟ್ಟೆಯ ಮಾತು ಬರುತ್ತದೆ. ಗೋಕರ್ಣದಲ್ಲಿ ಗಣಪತಿ ನೆಲಕ್ಕಿಟ್ಟ ಆತ್ಮಲಿಂಗವನ್ನು ಕೀಳಲಾರದ ರಾವಣ, ಸಿಟ್ಟಿನಿಂದ ಅದರ ಹೊದಿಕೆಗಳನ್ನು ಕಿತ್ತು ದಿಕ್ಕಿಗೊಂದರಂತೆ ಎಸೆದನಂತೆ. ಪೆಟ್ಟಿಗೆ ಕಾರವಾರದ ಬಳಿಯ ಸಜ್ಜೇಶ್ವರದಲ್ಲಿ ಬಿತ್ತು, ಮುಚ್ಚಳ ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ. ಬಿಗಿದಿದ್ದ ದಾರ ಕುಮಟಾ ತಾಲ್ಲೂಕಿನ ಧಾರೇಶ್ವರದಲ್ಲಿ ಬಿದ್ದರೆ, ಸುತ್ತಿದ್ದ ವಸ್ತ್ರ ಭಟ್ಕಳ ತಾಲ್ಲೂಕಿನ ಕಂದುಕಗಿರಿಗೆ ಬಂದು ಬಿತ್ತು. ಅದೇ ಮುರ್ಡೇಶ್ವರ. ದಾರಕ್ಕೆ ಒಂದೂರು, ಬಟ್ಟೆಗೆ ಇನ್ನೊಂದೂರು, ನಡುವೆ ಶರಾವತಿ.

ಆ ದಾರವನ್ನು ನೂತವರು ಯಾರು, ಬಟ್ಟೆಯನ್ನು ನೇಯ್ದವರು ಯಾರು ಎಂಬುದನ್ನು ಪುರಾಣ ಹೇಳುವುದಿಲ್ಲ. ಗಿರಣಿಗಳು ಬರುವ ಮುಂಚಿನ ಲೋಕದಲ್ಲಿ ಆ ಎರಡು ಕೆಲಸಗಳು ಬಹಳ ಕಡೆ ಎರಡು ಬೇರೆ ಕೈಗಳಿಗೆ ಹಂಚಿಹೋಗಿದ್ದವು. ಆ ಹಂಚಿಕೆ ಹೇಗಿತ್ತು, ಏಕೆ ಹಾಗಿತ್ತು, ಎಲ್ಲೆಲ್ಲಿ ತಿರುವುಮುರುವಾಗಿತ್ತು ಎಂಬುದು ಈ ಲೇಖನದ ವಿಷಯ.

ಒಂದು ಸೀರೆಗೆ ಎಷ್ಟು ನೂಲು?

ಮೊದಲು ಒಂದು ಮನೆಲೆಕ್ಕ. 45 ಅಂಗುಲ ಅಗಲ, 6 ಮೀಟರ್ ಉದ್ದದ ಸಾಧಾರಣ ಸೀರೆ, ಅಂಗುಲಕ್ಕೆ 50 ಎಳೆ ಎಂದಿಟ್ಟುಕೊಳ್ಳೋಣ. ಉದ್ದಕ್ಕೆ ಹಾಯುವ ಹಾಸಿಗೆ 2,250 ಎಳೆ, ಅಂದರೆ ಹದಿಮೂರೂವರೆ ಕಿಲೋಮೀಟರ್ ನೂಲು ಬೇಕು. ಅಡ್ಡಕ್ಕೆ ಹಾಯುವ ಹೊಕ್ಕಿಗೂ ಸುಮಾರು ಅಷ್ಟೇ. ಎರಡೂ ಸೇರಿ 27 ಕಿಲೋಮೀಟರ್, ಹೆಚ್ಚುಕಮ್ಮಿ ಮುರ್ಡೇಶ್ವರದಿಂದ ಹೊನ್ನಾವರಕ್ಕೆ ಇರುವ ದೂರ. ಕದಿರಿನಲ್ಲಿ ತಾಸಿಗೆ 100 ಮೀಟರ್ ನೂತರೂ ಇದಕ್ಕೆ 270 ತಾಸು ಹಿಡಿಯುತ್ತದೆ. ಅದೇ ನೂಲನ್ನು ನೇಯಲು ನುರಿತ ಕೈಗೆ ಕೆಲವು ದಿನ ಸಾಕು.

ಹೀಗಾಗಿ ಒಂದು ಮಗ್ಗಕ್ಕೆ ಒಂದು ಕದಿರು ಸಾಲುತ್ತಿರಲಿಲ್ಲ. ಒಬ್ಬ ನೇಕಾರ ಬಿಡುವಿಲ್ಲದೆ ಕೆಲಸ ಮಾಡಬೇಕಾದರೆ ಹಲವರು ಕೂತು ನೂಲಬೇಕಿತ್ತು. ಕೈಯಿಂದ ಬಟ್ಟೆ ಮಾಡುವ ಕೆಲಸದ ದೊಡ್ಡ ಪಾಲು ಮಗ್ಗದ ಮೇಲೆ ನಡೆಯುವುದಿಲ್ಲ, ಮಗ್ಗಕ್ಕೆ ಮೊದಲೇ ಮುಗಿದಿರುತ್ತದೆ. ಆ ಪಾಲು ಯಾರದಾಗಿತ್ತು ಎಂದು ನೋಡಿದರೆ ವಿಷಯ ಅರ್ಧ ಬಗೆಹರಿದಂತೆ.

185 ಸಮಾಜಗಳ ಪಟ್ಟಿ

ಅಮೆರಿಕದ ಮಾನವಶಾಸ್ತ್ರಜ್ಞರಾದ ಜಾರ್ಜ್ ಪೀಟರ್ ಮರ್ಡಾಕ್ ಮತ್ತು ಕ್ಯಾಟರೀನಾ ಪ್ರೊವೊಸ್ಟ್ 1973ರಲ್ಲಿ ಲೋಕದ 185 ಸಮಾಜಗಳನ್ನು ಆಯ್ದು, 50 ಬಗೆಯ ಕೆಲಸಗಳಲ್ಲಿ ಹೆಣ್ಣು–ಗಂಡಿನ ಪಾಲು ಎಷ್ಟೆಂದು ಪಟ್ಟಿ ಮಾಡಿದರು. ಲೋಹ ಕರಗಿಸುವುದು, ಮರಗೆಲಸ, ದೊಡ್ಡ ಜಲಚರಗಳ ಬೇಟೆಗಳು ಬಹುತೇಕ ಎಲ್ಲೆಡೆ ಗಂಡಸರ ಕೆಲಸಗಳಾಗಿದ್ದವು. ಅಡುಗೆ, ನೀರು ತರುವುದು, ಬಟ್ಟೆ ಒಗೆಯುವುದು ಬಹುತೇಕ ಹೆಂಗಸರ ಪಾಲು.

ನೂಲುವುದು ಈ ಪಟ್ಟಿಯಲ್ಲಿ ಹೆಂಗಸರ ತುದಿಯ ಹತ್ತಿರ ಬರುತ್ತದೆ. ಉಡುಪು ತಯಾರಿಸುವುದೂ ಹೆಚ್ಚಾಗಿ ಹೆಂಗಸರದೇ. ಮಗ್ಗದ ನೇಯ್ಗೆ ಒಟ್ಟಾರೆ ಹೆಂಗಸರ ಕಡೆ ವಾಲಿದರೂ ಅಷ್ಟು ಖಚಿತವಲ್ಲ. ಗಂಡಸರೇ ನೇಯುವ ಸಮಾಜಗಳೂ ಬೇಕಾದಷ್ಟಿವೆ. ಬಲೆ ಹೆಣೆಯುವುದು, ಹಗ್ಗ ಹೊಸೆಯುವುದು ಗಂಡಸರ ಕಡೆಗೆ ಜಾರುತ್ತವೆ. ನಾರು ಒಂದೇ, ಬೆರಳಿನ ಚಳಕವೂ ಒಂದೇ. ಹುಟ್ಟುವ ವಸ್ತು ಬದಲಾದರೆ ಕೈ ಬದಲಾಗುತ್ತದೆ.

ಹೆಂಗಸಿನ ಕೈಗೆ ಕದಿರು ಏಕೆ ಬಂತು?

ಈ ಪ್ರಶ್ನೆಗೆ ಮಾನವಶಾಸ್ತ್ರಜ್ಞೆ ಜೂಡಿತ್ ಬ್ರೌನ್ 1970ರಲ್ಲಿ ಕೊಟ್ಟ ಉತ್ತರ ಇಂದಿಗೂ ಚರ್ಚೆಯಲ್ಲಿದೆ. ಹೆಣ್ಣಿನ ಶಕ್ತಿ–ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ, ಮಗು ಯಾರ ಕಂಕುಳಲ್ಲಿದೆ ಎಂದು ನೋಡಿ ಎಂಬುದು ಅವರ ವಾದ. ಕೂಸು ನೋಡಿಕೊಳ್ಳುತ್ತ ಮಾಡುವ ಕೆಲಸ ಮನೆಯ ಹತ್ತಿರವೇ ಇರಬೇಕು. ಮಗುವಿಗೆ ಅಪಾಯ ಮಾಡಬಾರದು. ನಡುವೆ ಎದ್ದು ಹೋದರೂ ಕೆಡಬಾರದು, ಮತ್ತೆ ಬಂದು ಕೂತಾಗ ಬಿಟ್ಟಲ್ಲಿಂದಲೇ ಹಿಡಿಯುವಂತಿರಬೇಕು.

ಕದಿರಿಗೆ ಇವೆಲ್ಲ ಒಪ್ಪುತ್ತವೆ. ಒಲೆಯ ಮೇಲೆ ಅನ್ನ ಕುದಿಯುವಷ್ಟರಲ್ಲಿ ಒಂದಿಷ್ಟು ನೂಲಬಹುದು, ಮಗು ಅತ್ತರೆ ಹಂಜಿ ಕೆಳಗಿಟ್ಟು ಏಳಬಹುದು. ಕುಣಿಮಗ್ಗ ಹಾಗಲ್ಲ. ಅದು ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ, ಮೈಯನ್ನೆಲ್ಲ ತೊಡಗಿಸಿ, ತಾಸುಗಟ್ಟಲೆ ಒಂದೇ ಲಯದಲ್ಲಿ ಮಾಡುವ ಕೆಲಸ. ಎಳೆ ತುಂಡಾದರೆ ಎಲ್ಲ ನಿಲ್ಲುತ್ತದೆ.

ಆದರೆ ಈ ವಾದವೊಂದೇ ಸಾಲದು. ಮಗ್ಗದ ಮೇಲೆ ಹೆಂಗಸರೇ ಕೂರುವ ಅಸ್ಸಾಮಿನಂಥ ನಾಡುಗಳಿಗೆ ಅದು ಉತ್ತರ ಹೇಳದು. ಇನ್ನೊಂದು ಎಳೆಯನ್ನು ಸೇರಿಸಿಕೊಳ್ಳಬೇಕು: ಮನೆಗಾಗಿ ನೇಯುವಲ್ಲಿ ಮಗ್ಗ ಹೆಚ್ಚಾಗಿ ಹೆಂಗಸಿನದು, ಸಂತೆಗೆ, ದೊರೆಗೆ, ಸಾವುಕಾರನಿಗೆ ನೇಯತೊಡಗಿ ಅದೇ ಮನೆತನದ ಕಸುಬಾದಾಗ ಮಗ್ಗ ಗಂಡಸಿನ ಕೈಗೆ ಹೋಗುವುದು ಹೆಚ್ಚು. ಯುರೋಪಿನಲ್ಲೂ ಮಧ್ಯಯುಗದಲ್ಲಿ ತುಳಿಮಗ್ಗ ಬಂದು, ಪಟ್ಟಣಗಳಲ್ಲಿ ನೇಕಾರ ಸಂಘಗಳು ಬೆಳೆದಂತೆ ಇದೇ ಆಯಿತು. ದುಡ್ಡು ಮತ್ತು ಹೆಸರು ಬಂದ ಕಡೆಗೆ ಕೆಲಸದ ಲಿಂಗವೂ ಸರಿಯುತ್ತದೆ.

ರೆಮ್ಮವ್ವೆಯ ಕದಿರು, ದಾಸಿಮಯ್ಯನ ಮಗ್ಗ

ಕನ್ನಡಿಗರಿಗೆ ಈ ಹಂಚಿಕೆಯ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ವಚನಕಾರರ ಹೆಸರುಗಳೇ ಸಾಕು. ಮುದನೂರಿನ ಜೇಡರ ದಾಸಿಮಯ್ಯ ನೇಕಾರ. ‘ಜೇಡ’ ಎಂದರೆ ನೇಯುವವ. ಕದಿರ ರೆಮ್ಮವ್ವೆ ಮತ್ತು ಕದಿರಕಾಯಕದ ಕಾಳವ್ವೆ ನೂಲುವವರು. ಸೂಜಿಕಾಯಕದ ರಾಮಿತಂದೆ ಹೊಲಿಯುವವನು. ಕದಿರು ಇಬ್ಬರು ಹೆಂಗಸರ ಹೆಸರಿಗೆ, ಮಗ್ಗ ಮತ್ತು ಸೂಜಿ ಇಬ್ಬರು ಗಂಡಸರ ಹೆಸರಿಗೆ ಅಂಟಿಕೊಂಡಿವೆ. ರೆಮ್ಮವ್ವೆ ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೂ ಒಬ್ಬೊಬ್ಬ ದೇವರಿಗೆ ಹೋಲಿಸಿ ವಚನ ಕಟ್ಟಿದವಳು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ಸಾರಿದ ಕಾಲದಲ್ಲೂ ಯಾವ ಕಾಯಕ ಯಾರದು ಎಂಬ ಗೆರೆ ಮಾತ್ರ ಇದ್ದಲ್ಲೇ ಇತ್ತು.

ಆ ಗೆರೆಯನ್ನು ದಾಟಿದ ಹೆಣ್ಣಿಗೆ ಬುದ್ಧಿ ಹೇಳಿದವರೂ ಉಂಟು. ಬಹಮನಿ ಸುಲ್ತಾನನ ಆಶ್ರಯದಲ್ಲಿ 1350ರಲ್ಲಿ ‘ಫುತೂಹ್-ಉಸ್-ಸಲಾತೀನ್’ ಬರೆದ ಇಸಾಮಿ, ದಿಲ್ಲಿಯನ್ನಾಳಿದ ರಜಿಯಾಳ ಪ್ರಸಂಗದಲ್ಲಿ ಹೆಣ್ಣಿಗೆ ಸಿಂಹಾಸನಕ್ಕಿಂತ ಚರಕದ ಮುಂದೆ ಕೂರುವುದೇ ಲೇಸು ಎಂಬರ್ಥದ ಮಾತಾಡುತ್ತಾನೆ. ‘ಗಂಡು ಉಳಲಿ, ಹೆಣ್ಣು ನೇಯಲಿ’ ಎಂಬ ಗಾದೆಯಂಥ ಮಾತು ಚೀನಾದಲ್ಲೂ ಶತಮಾನಗಳ ಕಾಲ ಆದರ್ಶವಾಗಿತ್ತು.

1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೆಂಗಳೂರು ಸೀಮೆಯಲ್ಲಿ ಕಂಡ ವ್ಯವಸ್ಥೆಯೂ ಇದೇ ಬಗೆಯದು. ಹೆಂಗಸರು ವಾರದ ಸಂತೆಯಲ್ಲಿ ಅರಳೆ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರು. ನೇಯ್ಗೆ ಕೆಲವೇ ಜಾತಿಗಳ ಕುಲಕಸುಬಾಗಿದ್ದರೆ ನೂಲುವುದಕ್ಕೆ ಅಂಥ ಬೇಲಿ ಇರಲಿಲ್ಲ. ಹಲವು ಜಾತಿಯ ಹೆಂಗಸರ ಸ್ವಂತ ಕಾಸು ಹುಟ್ಟುತ್ತಿದ್ದುದು ಅಲ್ಲಿಂದ.

ಮಗ್ಗದ ಮನೆಯೊಳಗೆ

ಇಳಕಲ್ಲಾಗಲಿ, ಗುಳೇದಗುಡ್ಡವಾಗಲಿ, ನೇಕಾರರ ಓಣಿಯಲ್ಲಿ ಹೊರಗಿನವರ ಕಿವಿಗೆ ಬೀಳುವುದು ಲಾಳಿಯ ಸದ್ದು. ಆ ಸದ್ದಿಗೆ ಮುಂಚೆ ಸದ್ದಿಲ್ಲದ ಕೆಲಸಗಳ ಸಾಲೇ ಇದೆ. ಲಡಿ ಬಿಡಿಸಬೇಕು, ಬಣ್ಣಕ್ಕೆ ಅದ್ದಿ ಒಣಗಿಸಬೇಕು, ಹಾಸು ಹಾಕಬೇಕು, ಗಂಜಿ ಹಚ್ಚಬೇಕು, ತುಂಡಾದ ಎಳೆ ಕೂಡಿಸಬೇಕು, ಲಾಳಿಗೆ ಕಂಡಿಕೆ ಸುತ್ತಿ ಕೊಡುತ್ತಲೇ ಇರಬೇಕು. ಇದರಲ್ಲಿ ಬಹುಪಾಲು ಮನೆಯ ಹೆಂಗಸರು, ಮುದುಕರು, ಮಕ್ಕಳ ಕೈಯಿಂದ ಆಗುತ್ತಿತ್ತು. ಇಳಕಲ್ ಸೀರೆಯ ಹೆಚ್ಚುಗಾರಿಕೆ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದರಲ್ಲಿದೆ. ಲಾಳಿ ಎಸೆಯುವುದಕ್ಕೆ ಬಹಳ ಮುಂಚೆ ಬೆರಳ ತುದಿಯ ತಾಳ್ಮೆ ಬೇಕಾಗುವ ಕೆಲಸ ಅದು.

ಮಾರಾಟದ ಹೊತ್ತಿಗೆ ಕೂಲಿ ಲೆಕ್ಕವಾಗುವುದು ನೇಯ್ದ ಸೀರೆಗೆ. ಕಂಡಿಕೆ ಸುತ್ತಿದ ಕೈಗೆ ಮನೆಯೊಳಗೆ ಬೇರೆ ಲೆಕ್ಕವಿಲ್ಲ. ಅದು ‘ಮನೆಗೆಲಸ’ದ ಖಾತೆಗೆ ಸೇರಿಹೋಗುತ್ತದೆ. ‘ನೇಕಾರ’ ಎಂದಾಗ ಗಂಡಸೇ ಕಣ್ಣಿಗೆ ಬರುವುದರ ಗುಟ್ಟು ಇಲ್ಲಿದೆ. ಆದರೆ 2019–20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿ ನೇಕಾರರನ್ನೂ ಪೂರಕ ಕೆಲಸಗಾರರನ್ನೂ ಸೇರಿಸಿ ಎಣಿಸಿದಾಗ ಸಿಕ್ಕ 35 ಲಕ್ಷಕ್ಕೂ ಹೆಚ್ಚು ಜನರಲ್ಲಿ ಶೇ. 72ರಷ್ಟು ಹೆಂಗಸರೇ. ಅಸ್ಸಾಂ ಮತ್ತು ಈಶಾನ್ಯದ ಇತರ ರಾಜ್ಯಗಳಲ್ಲಿ ಮಗ್ಗ ಮನೆಯ ಹೆಣ್ಣಿನದೇ ಆಗಿರುವುದು ಈ ಅಂಕಿ ಏರಲು ದೊಡ್ಡ ಕಾರಣ.

ಕಂಬಳಿ: ಕತ್ತರಿ, ಕದಿರು, ಮಗ್ಗ

ಹೆಣ್ಣು ನೂಲುವುದು, ಗಂಡು ನೇಯುವುದು ಎಂಬ ಜೋಡಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ಕುರುಬರ ಕಂಬಳಿಯಲ್ಲಿ. ಚಿತ್ರದುರ್ಗದ ಚಳ್ಳಕೆರೆ, ಹಾವೇರಿ ಜಿಲ್ಲೆಯ ಮೇಡ್ಲೇರಿ ಮೊದಲಾದ ಕಡೆ ಕುರಿಯ ಉಣ್ಣೆ ಕತ್ತರಿಸುವುದು ಗಂಡಸರ ಕೆಲಸ, ನೂಲುವುದು ಹೆಂಗಸರದು, ನೇಯುವುದು ಮತ್ತೆ ಗಂಡಸರದು. ಎಳೆ ಗಟ್ಟಿಯಾಗಲೆಂದು ಹಚ್ಚುವುದು ಹುಣಸೆಬೀಜದ ಗಂಜಿ.

ಬಯಲುಸೀಮೆಯ ಈ ಕಂಬಳಿ ಘಟ್ಟ ಇಳಿದು ಮಲೆನಾಡು, ಕರಾವಳಿಯ ಗದ್ದೆಗಳಿಗೆ ಬಂದಾಗ ಉಡುವುದರಲ್ಲೂ ಹಂಚಿಕೆ ಕಾಣಿಸಿತು. ಮಳೆಯಲ್ಲಿ ನೇಗಿಲು ಹಿಡಿದ ಗಂಡಸಿನ ತಲೆಯ ಮೇಲೆ ಕಂಬಳಿಕೊಪ್ಪೆ. ಬಗ್ಗಿ ನಾಟಿ ಮಾಡುವ ಹೆಂಗಸಿನ ಬೆನ್ನ ಮೇಲೆ ಬಿದಿರು ಮತ್ತು ಎಲೆಯಿಂದ ಹೆಣೆದ ಗೊರಬು. ಇದರಲ್ಲಿ ಆಚಾರಕ್ಕಿಂತ ಮೈಯ ಭಂಗಿಯ ಲೆಕ್ಕ ಹೆಚ್ಚು. ನೆಟ್ಟಗೆ ನಡೆಯುವವನಿಗೆ ಕೊಪ್ಪೆ ಸಾಕು, ದಿನವಿಡೀ ಬಾಗಿರುವವಳಿಗೆ ಬೆನ್ನು ಮುಚ್ಚುವ ಸೂರೇ ಬೇಕು.

ಹತ್ತಿ ಬೆಳೆಯದ ಕರಾವಳಿ

ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ, ಕುಮಟಾದ ನೆಲದಲ್ಲಿ ಹತ್ತಿ ಬೆಳೆಯದು. ಹಾಗಿದ್ದೂ 19ನೇ ಶತಮಾನದ ಮುಂಬಯಿ ಹತ್ತಿ ಪೇಟೆಯಲ್ಲಿ ‘ಕುಮಟಾ’ ಎಂಬುದು ಒಂದು ಹತ್ತಿಯ ಹೆಸರಾಗಿತ್ತು. ಧಾರವಾಡ ಸೀಮೆಯ ನಾಡಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾರಣ ಬಂದ ಹೆಸರು ಅದು. 1861–65ರ ಅಮೆರಿಕದ ಅಂತರ್ಯುದ್ಧದ ಸಮಯದಲ್ಲಿ ಲಂಕಾಶೈರಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತಾಗ ಈ ಬಂದರಿಗೆ ಸುಗ್ಗಿಯೋ ಸುಗ್ಗಿ. ಇಲ್ಲಿಂದ ಹೋದದ್ದು ಅರಳೆ, ಆಮೇಲೆ ತಿರುಗಿ ಬಂದದ್ದು ಗಿರಣಿ ನೂಲು ಮತ್ತು ಬಟ್ಟೆ.

ಉಡುಗೆಯ ವಿಷಯದಲ್ಲಿ ಈ ತೀರದ ಹಳೆಯ ಸಾಕ್ಷಿ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತನದು. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಆತ, ಇಲ್ಲಿಯ ಹೆಂಗಸರು ಹೊಲಿದ ಬಟ್ಟೆ ತೊಡುವುದಿಲ್ಲ, ಹೊಲಿಯದ ಉದ್ದ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದುದನ್ನು ತಲೆ ಮತ್ತು ಎದೆಯ ಮೇಲೆ ಹೊದೆಯುತ್ತಾರೆ ಎಂದು ಬರೆದ.

ಹೊಲಿಯದ ಬಟ್ಟೆಯ ನಾಡಿನಲ್ಲಿ ಉಡುಪು ‘ಮಾಡುವ’ ಕೆಲಸದ ಕೊನೆಯ ಹಂತ ಮಗ್ಗದಲ್ಲೂ ಇಲ್ಲ, ಸೂಜಿಯಲ್ಲೂ ಇಲ್ಲ, ಉಡುವ ಕೈಯಲ್ಲಿದೆ. ಹಾಲಕ್ಕಿ ಒಕ್ಕಲಿಗ ಹೆಂಗಸರ ಕುಪ್ಪಸವಿಲ್ಲದ ಸೀರೆಕಟ್ಟು, ಕುತ್ತಿಗೆ ತುಂಬ ಕರಿಮಣಿ ಸರಗಳು ಈ ಮಾತಿಗೆ ಕಣ್ಣೆದುರಿನ ಉದಾಹರಣೆ. ಬಟ್ಟೆ ಅಂಗಡಿಯದು, ಅದನ್ನು ಹಾಲಕ್ಕಿ ಉಡುಗೆ ಮಾಡುವ ವಿದ್ಯೆ ತಾಯಿಯಿಂದ ಮಗಳಿಗೆ ಬಂದದ್ದು. ಅಂಕೋಲೆಯ ಹೊನ್ನಳ್ಳಿಯ, ಹಾಲಕ್ಕಿ ಸಮುದಾಯದ ತುಳಸಿ ಗೌಡ 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದದ್ದು ಬರಿಗಾಲಿನಲ್ಲಿ, ಇದೇ ಕಟ್ಟಿನಲ್ಲಿ.

ಬಲೆ ಅವನದು, ಚಾಪೆ ಅವಳದು

ನೂಲು–ನೇಯ್ಗೆ ಕಡಿಮೆಯಿದ್ದ ಈ ತೀರದಲ್ಲಿ ಹೆಣೆಯುವ ಕೈಗಳಿಗೇನೂ ಬರವಿರಲಿಲ್ಲ. ಖಾರ್ವಿ, ಮೊಗೇರ, ಹರಿಕಂತ್ರ ಮೊದಲಾದ ಮೀನುಗಾರರ ಕೇರಿಗಳಲ್ಲಿ ಬಲೆ ಹೆಣೆದು ರಿಪೇರಿ ಮಾಡುವುದು ಗಂಡಸರ ಕೆಲಸ. ನೈಲಾನ್ ಬರುವ ಮುಂಚೆ ಸೆಣಬು, ಹತ್ತಿಯ ಹುರಿಗಳಿಂದ ಬಲೆ ಹೆಣೆದು, ಕೊಳೆಯದಿರಲೆಂದು ಮರದ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಹತ್ತಾರು ಜನ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಮೂಲೆ ಸೇರಿತು. ಮೀನು ದಡಕ್ಕೆ ಬಂದದ್ದೇ ಬುಟ್ಟಿಯೂ ವ್ಯಾಪಾರವೂ ಹೆಂಗಸರದು.

ಅತ್ತ ಮುಳ್ಳಿನ ಮುಂಡಿಗೆ ಗರಿ ಕೊಯ್ದು, ಮುಳ್ಳು ಸವರಿ, ಒಣಗಿಸಿ, ಸೀಳಿ ಚಾಪೆ ನೇಯುವುದು ಕರಾವಳಿಯ ಉದ್ದಕ್ಕೂ ಹೆಂಗಸರ ಕಸುಬು. ಕಡಲಿಗೆ ಹೋಗುವ ಹೆಣಿಗೆ ಗಂಡಿನದು, ಮನೆಯಲ್ಲಿ ಹಾಸುವ ಹೆಣಿಗೆ ಹೆಣ್ಣಿನದು. ಮರ್ಡಾಕ್–ಪ್ರೊವೊಸ್ಟರ ಪಟ್ಟಿಯಲ್ಲಿ ಕಂಡದ್ದನ್ನು ಇಲ್ಲಿ ಒಂದೇ ಕೇರಿಯಲ್ಲಿ ಕಾಣಬಹುದು. ಯಾವ ನಾರಿನಲ್ಲಿ ಹೆಣೆದರು ಎಂಬುದಕ್ಕಿಂತ ಹೆಣೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದೇ ಇಲ್ಲಿ ಗೆರೆ ಎಳೆದಿದೆ.

ಸೂಜಿಯ ಎರಡು ದಾರಿ

ಸೂಜಿಯದು ಇನ್ನೊಂದು ಬಗೆ. ಪೇಟೆಯಲ್ಲಿ ಅಂಗಡಿ ಹಾಕಿ, ಅಳತೆ ತೆಗೆದು, ಕೂಲಿಗೆ ಹೊಲಿಯುವವನು ದರ್ಜಿ, ಸಿಂಪಿಗ; ಗಂಡಸು. ಮನೆಯ ಪಡಸಾಲೆಯಲ್ಲಿ ಹರಕು ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವವಳು ಹೆಂಗಸು.

ಉತ್ತರ ಕನ್ನಡದ ಘಟ್ಟದ ಮೇಲೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗೆ ತನ್ನದೇ ವ್ಯಾಕರಣವಿದೆ. ಆಫ್ರಿಕಾ ಮೂಲದ ಈ ಸಮುದಾಯದವರು ಅದನ್ನು ‘ಕವಂದ್’ ಎನ್ನುತ್ತಾರೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಕೊನೆಗೆ ನಾಲ್ಕು ಮೂಲೆಗೂ ‘ಫುಲ’ ಎಂಬ ಮಡಚಿದ ತ್ರಿಕೋನದ ತುಂಡು ಸೇರಲೇಬೇಕು, ಅದಿಲ್ಲದ ಕವಂದ್ ಪೂರ್ತಿಯಾದದ್ದಲ್ಲ.

ಧಾರವಾಡ ಸೀಮೆಯ ಕಸೂತಿಯೂ ಹೆಂಗಸರದೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸುತ್ತ ರಥ, ಗೋಪುರ, ಆನೆ, ತುಳಸಿಕಟ್ಟೆ ಮೂಡಿಸುತ್ತಾರೆ. ಹೊಲಿಗೆ ನಾಲ್ಕು ಬಗೆ: ಗವಂತಿ, ಮುರ್ಗಿ, ಮೆಂತೆ, ನೇಗಿ. ‘ನೇಗಿ’ ಎಂದರೆ ನೇಯ್ಗೆ. ಬಟ್ಟೆಯಲ್ಲೇ ನೇಯ್ದಂತೆ ಕಾಣುವ ಹೊಲಿಗೆಗೆ ಆ ಹೆಸರು. ಮಗ್ಗದ ಮೇಲೆ ಕೂರದ ಕೈಗಳು ಸೂಜಿಯಲ್ಲೇ ನೇಯ್ದವು.

ಅದಲುಬದಲಾದ ಊರುಗಳು

ಈ ಹಂಚಿಕೆ ಹುಟ್ಟಿನಿಂದ ಬಂದದ್ದೆಂದು ನಂಬುವವರು ಅಮೆರಿಕದ ಅರಿಜೋನಾ ಸೀಮೆಯನ್ನು ನೋಡಬೇಕು. ಅಲ್ಲಿ ಅಕ್ಕಪಕ್ಕದಲ್ಲೇ ಬದುಕುವ ಎರಡು ಮೂಲನಿವಾಸಿ ಸಮುದಾಯಗಳಲ್ಲಿ ಹೋಪಿ ಗಂಡಸರು ನೇಯುತ್ತಾರೆ, ನವಾಹೋ ಹೆಂಗಸರು ನೇಯುತ್ತಾರೆ. ಹೋಪಿ ಮದುಮಗಳ ಸೀರೆಯಂಥ ಬಿಳಿ ವಸ್ತ್ರವನ್ನು ನೇಯುವುದು ಗಂಡಿನ ಕಡೆಯ ಗಂಡಸರು. ನವಾಹೋಗಳು ನೇಯ್ಗೆ ಕಲಿತದ್ದೇ ಹೋಪಿಗಳೂ ಸೇರಿದ ಪ್ಯೂಬ್ಲೊ ಜನರಿಂದ. ವಿದ್ಯೆ ಕೈ ದಾಟುವಾಗ ಲಿಂಗವೂ ಬದಲಾಯಿತು.

ಪಶ್ಚಿಮ ಆಫ್ರಿಕಾದಲ್ಲಿ ಮಗ್ಗದ ಬಗೆಯೇ ಗುರುತು. ಘಾನಾದ ಅಶಾಂತಿ ಗಂಡಸರು ಕಿರಿದಾದ ಪಟ್ಟಿಗಳನ್ನು ನೇಯ್ದು ಜೋಡಿಸಿ ‘ಕೆಂಟೆ’ ಮಾಡುತ್ತಾರೆ. ನೈಜೀರಿಯಾದ ಯೊರುಬಾ, ಇಗ್ಬೊ ಹೆಂಗಸರು ನಿಲುವು ಮಗ್ಗದಲ್ಲಿ ಅಗಲದ ಬಟ್ಟೆ ನೇಯುತ್ತಾರೆ. ಪೆರುವಿನ ಟಿಟಿಕಾಕಾ ಸರೋವರದ ಟಾಕಿಲೆ ದ್ವೀಪದಲ್ಲಿ ಹುಡುಗರು ಚಿಕ್ಕಂದಿನಲ್ಲೇ ಕಡ್ಡಿಯಿಂದ ಉಣ್ಣೆ ಟೊಪ್ಪಿಗೆ ಹೆಣೆಯಲು ಕಲಿಯಬೇಕು, ಹೆಂಗಸರು ನಡುಪಟ್ಟಿ ನೇಯುತ್ತಾರೆ. ಯುನೆಸ್ಕೊ 2005ರಲ್ಲಿ ಈ ಕಲೆಯನ್ನು ಗೌರವಿಸಿತು. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಲೇಖಕ ಹೆರೊಡೊಟಸ್‌ಗೆ ಈಜಿಪ್ಟಿನಲ್ಲಿ ಹೆಂಗಸರು ಪೇಟೆಗೆ ಹೋಗಿ ಗಂಡಸರು ಮನೆಯಲ್ಲಿ ಕೂತು ನೇಯುವುದು ಜಗದ ವಿಚಿತ್ರವಾಗಿ ಕಂಡಿತ್ತು. ವಿಚಿತ್ರ ಈಜಿಪ್ಟಿನದಲ್ಲ, ಬೇರೆ ರೀತಿಯೂ ಇರಬಹುದೆಂದು ಅವನ ಊರು ಎಣಿಸಿರಲಿಲ್ಲ, ಅಷ್ಟೆ.

ಯಂತ್ರ ಮೊದಲು ತಿಂದದ್ದು ನೂಲನ್ನು

1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಹಾರುವ ಲಾಳಿ ಕಂಡುಹಿಡಿದ. ನೇಯ್ಗೆ ಚುರುಕಾಯಿತು, ನೂಲು ಸಾಲದಾಯಿತು. ಆ ಕೊರತೆ ನೀಗಲು ನೂಲುವ ಯಂತ್ರಗಳು ಹುಟ್ಟಿದವು. 19ನೇ ಶತಮಾನದಲ್ಲಿ ಅವುಗಳ ಅಗ್ಗದ ನೂಲು ನಮ್ಮ ಸಂತೆಗಳಿಗೂ ಬಂದಾಗ ಮಗ್ಗಗಳು ಕುಂಟುತ್ತಲಾದರೂ ಬದುಕಿದವು, ಗಿರಣಿ ನೂಲನ್ನೇ ತಂದು ನೇಯ್ದವು. ಉಳಿಯದಿದ್ದುದು ರಾಟೆ. ನೇಕಾರನ ಕಷ್ಟಕ್ಕೆ ಒಂದು ಹೆಸರಿತ್ತು, ಓಣಿಯಿತ್ತು, ಕುಲವಿತ್ತು. ಅದು ದಾಖಲೆಗೂ ಹತ್ತಿತು. ಸಂತೆಗೆ ನೂಲು ಒಯ್ಯುತ್ತಿದ್ದ ಹೆಂಗಸರ ಕಾಸು ನಿಂತದ್ದು ಮಾತ್ರ ಮನೆಮನೆಯೊಳಗಿನ ಮಾತಾಗಿ ಮುಗಿಯಿತು.

ಆ ರಾಟೆಯನ್ನು ಗಾಂಧೀಜಿ ಮತ್ತೆ ಹೊರತೆಗೆದಾಗ ಒಂದು ಹೊಸ ಬೇಡಿಕೆಯನ್ನೂ ಇಟ್ಟರು: ಗಂಡಸರೂ ನೂಲಬೇಕು. 1924ರ ಡಿಸೆಂಬರಿನಲ್ಲಿ ಅವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ ಕಾಂಗ್ರೆಸ್ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲಿನ ನಿಯಮವನ್ನು ಒಪ್ಪಿತು. 2,000 ಗಜ ಎಂದರೆ ಎರಡು ಕಿಲೋಮೀಟರಿಗೂ ಕಡಿಮೆ. ಆ ಲೆಕ್ಕದಲ್ಲಿ ನಮ್ಮ ಒಂದು ಸೀರೆಗೆ ಹದಿನೈದು ತಿಂಗಳು ಬೇಕು. ವರ್ಷ ತುಂಬುವ ಮೊದಲೇ ಆ ಕಡ್ಡಾಯವನ್ನು ಸಡಿಲಿಸಬೇಕಾಯಿತು.

ಈಗ ಎಲ್ಲಿಗೆ ಬಂದಿದೆ?

ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾಗಿದೆ. ಅಲ್ಲಿ ನೂಲುವವರು, ನೇಯುವವರು, ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಮಗ್ಗದ ಕೂಲಿ ಇಳಿದು ಗಂಡಸರು ಬೇರೆ ದುಡಿಮೆ ಹುಡುಕಿದ ಕಡೆ ಲಾಳಿ ಹೆಂಗಸರ ಕೈಗೆ ಬಂದಿದೆ. 2021ರ ಡಿಸೆಂಬರ್ 30ರ ಧ್ವಜಸಂಹಿತೆ ತಿದ್ದುಪಡಿ ಯಂತ್ರದಲ್ಲಿ ಮಾಡಿದ, ಪಾಲಿಯೆಸ್ಟರಿನ ಧ್ವಜಕ್ಕೂ ದಾರಿ ತೆರೆದ ಮೇಲೆ ಈ ಕೈಗಳಿಗೆ ಗಿರಣಿಯ ಪೈಪೋಟಿ ಮತ್ತೊಮ್ಮೆ ಎದುರಾಗಿದೆ.

ದರ್ಜಿಯ ಸೂಜಿಯೂ ಕೈ ಬದಲಿಸಿತು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೊಲಿಗೆ ಸಾಲುಗಳಲ್ಲಿ ಕೂತವರು ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದಾಗ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಉಡುಪು ಮಾಡುವ ಹೆಂಗಸರು ಲೆಕ್ಕದ ಪುಸ್ತಕದೊಳಗೆ ಬಂದು, ತಮ್ಮ ಲೆಕ್ಕವನ್ನು ತಾವೇ ಕೇಳಿದ ಗಳಿಗೆ ಅದು.

ಹಾಸಿಲ್ಲದೆ ಹೊಕ್ಕಿಲ್ಲ, ನೂಲಿಲ್ಲದೆ ಎರಡೂ ಇಲ್ಲ. ಸಂತೆಯ ಚೀಟಿಯೂ ಸಾವುಕಾರನ ಖಾತೆಯೂ ಬಟ್ಟೆಯ ಹೆಸರನ್ನಷ್ಟೇ ಬರೆದುಕೊಂಡವು. ನಮ್ಮ ಕರಾವಳಿಯ ಪುರಾಣ ಮಾತ್ರ ಬಟ್ಟೆಗೆ ಮುರ್ಡೇಶ್ವರವನ್ನು ಕೊಟ್ಟಂತೆ ದಾರಕ್ಕೂ ಧಾರೇಶ್ವರದಲ್ಲಿ ಒಂದು ಗುಡಿಯನ್ನು ಕೊಟ್ಟಿದೆ.